ಸಿಲಿಕಾನ್ ಕುಲುಮೆಯೊಳಗೆ ಗಣಕದ ನೋಟ

ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನ ಹರಡಿದೆ. 2018ರಲ್ಲಿ ಆರಂಭವಾದ ಇದರ ಸಾಮರ್ಥ್ಯ 2019ರ ಕೊನೆಗೆ 2050 ಮೆಗಾವಾಟ್ ಮುಟ್ಟಿತು. ಇಲ್ಲಿನ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಒಂದು ಎಕರೆ ಬಿಸಿಲಿಗೆ ಎಷ್ಟು ವಿದ್ಯುತ್ ದೊರೆಯಬಹುದು? ಸಿಲಿಕಾನ್ ಫಲಕಗಳಾದರೆ, ಉತ್ತರದ ಒಂದು ಭಾಗ ಅವುಗಳ ಸ್ಫಟಿಕ ಬೆಳೆದ ಕುಲುಮೆಯಲ್ಲಿದೆ.

ಕುಲುಮೆಯಲ್ಲಿ ನಡೆಯುವುದೇನು?

ಸಿಲಿಕಾನ್ 1414° ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕ್ವಾರ್ಟ್ಜ್ ಮೂಸೆಯಲ್ಲಿರುವ ಈ ದ್ರವಕ್ಕೆ ಬೀಜಸ್ಫಟಿಕವನ್ನು ತಾಕಿಸಿ, ತಿರುಗಿಸುತ್ತ ಮೆಲ್ಲನೆ ಮೇಲೆಳೆದರೆ ಸ್ಫಟಿಕದ ದಿಂಡು ಬೆಳೆಯುತ್ತದೆ. 1916ರಲ್ಲಿ ಚೊಕ್ರಾಲ್ಸ್ಕಿ ಕಂಡುಹಿಡಿದ ವಿಧಾನವೇ ಇದಕ್ಕೆ ಮೂಲ.

ಈ ದ್ರವ ಮೂಸೆಯ ಗೋಡೆಯನ್ನೂ ಅಲ್ಪಸ್ವಲ್ಪ ಕರಗಿಸುವುದರಿಂದ ಅದಕ್ಕೆ ಆಕ್ಸಿಜನ್ ಸೇರುತ್ತದೆ. ಅದರ ಬಹುಪಾಲು ಸಿಲಿಕಾನ್ ಮಾನಾಕ್ಸೈಡ್ ಆವಿಯಾಗಿ ಹೊರಬೀಳುತ್ತದೆ. ಹರಿಯುವ ಆರ್ಗಾನ್ ಅನಿಲ ಅದನ್ನು ಹೊತ್ತೊಯ್ಯುತ್ತದೆ. ಆವಿ ಬಿಸಿ ಗ್ರಾಫೈಟ್ ಭಾಗಗಳನ್ನು ಮುಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಹಿಂದಿರುಗಿ ದ್ರವವನ್ನು ತಲಪಿದರೆ ಕಾರ್ಬನ್ ಬೆರೆಯುತ್ತದೆ. ಬೋರಾನ್ ಬೆರೆಸಿದ ಸಿಲಿಕಾನಿನಲ್ಲಿ ಆಕ್ಸಿಜನ್ ಉಳಿದಿದ್ದರೆ, ಬಿಸಿಲು ಬಿದ್ದ ಮೊದಲ ದಿನಗಳಲ್ಲೇ ಸೌರಕೋಶದ ದಕ್ಷತೆ ಕುಗ್ಗುತ್ತದೆ.

ಲೆಕ್ಕ ಹಾಕುವ ಬಗೆ

ಮುಚ್ಚಿದ ಕುಲುಮೆಯೊಳಗಿನ ಹರಿವನ್ನು ನೇರವಾಗಿ ಅಳೆಯುವುದು ಬಹಳ ಕಷ್ಟ. ಅದಕ್ಕಾಗಿ ಗಣಕದಲ್ಲಿ ಕುಲುಮೆಯನ್ನು ಲಕ್ಷಾಂತರ ಪುಟ್ಟ ಕೋಣೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಕೋಣೆಗೂ ರಾಶಿ, ಸಂವೇಗ, ಶಕ್ತಿಗಳ ಸಂರಕ್ಷಣಾ ನಿಯಮಗಳನ್ನೂ ಆಕ್ಸಿಜನ್, ಕಾರ್ಬನ್‌ಗಳ ಲೆಕ್ಕವನ್ನೂ ಅನ್ವಯಿಸುತ್ತಾರೆ.

ದ್ರವ ಸಿಲಿಕಾನಿನ ಸ್ನಿಗ್ಧತೆ ಕೊಠಡಿ ಉಷ್ಣತೆಯ ನೀರಿನದಕ್ಕಿಂತಲೂ ಕಡಿಮೆ. ಆದ್ದರಿಂದ ಅದರ ಹರಿವು ಸುಲಭವಾಗಿ ಪ್ರಕ್ಷುಬ್ಧವಾಗುತ್ತದೆ. ಉಷ್ಣತೆಯ ವ್ಯತ್ಯಾಸ, ಮೇಲ್ಮೈ ಎಳೆತ, ಸ್ಫಟಿಕ ಮತ್ತು ಮೂಸೆಗಳ ಭ್ರಮಣ ಎಲ್ಲವೂ ಅದನ್ನು ಕಲಕುತ್ತವೆ. ಮೇಲೆ ಹರಿಯುವ ಅನಿಲ ದ್ರವದ ಮೇಲ್ಮೈಯನ್ನು ಎಳೆಯುತ್ತದೆ, ತಣಿಸುತ್ತದೆ. ದ್ರವ ತನ್ನ ಆವಿಯನ್ನು ಅನಿಲಕ್ಕೆ ಕೊಡುತ್ತದೆ. ಹೀಗಾಗಿ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು.

ಆರ್ಗಾನಿನ ವೇಗ, ಒತ್ತಡ, ಮೂಸೆಯ ಭ್ರಮಣ, ಶಾಖ ತಡೆಯುವ ಕವಚದ ಆಕಾರ ಇವುಗಳನ್ನು ಗಣಕದಲ್ಲಿ ಬದಲಿಸಿ ನೋಡಬಹುದು. ನಿಜ ಕುಲುಮೆಯಲ್ಲಾದರೆ ಒಂದೊಂದು ಪ್ರಯೋಗಕ್ಕೂ ದಿನಗಟ್ಟಲೆ ಸಮಯ, ಅಪಾರ ವಿದ್ಯುತ್ ಬೇಕು. ಆದರೂ ಬೆಳೆದ ದಿಂಡಿನಲ್ಲಿ ಆಕ್ಸಿಜನ್ ಪ್ರಮಾಣವನ್ನು ಅವಕೆಂಪು ಕಿರಣಗಳಿಂದ ಅಳೆದು ತಾಳೆ ನೋಡದೆ ಗಣಕದ ಫಲಿತಾಂಶವನ್ನು ಒಪ್ಪುವಂತಿಲ್ಲ.

ತರಗತಿಯಲ್ಲಿ ಇದರ ಒಂದು ಅಂಶವನ್ನು ತೋರಿಸಬಹುದು. ಬೀಕರಿನ ನೀರಿನ ತಳಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ಹಾಕಿ, ಒಂದು ಪಕ್ಕದಲ್ಲಿ ಕಾಯಿಸಿ. ನೇರಳೆ ಎಳೆಗಳು ಮೇಲೇರಿ, ಮತ್ತೊಂದು ಪಕ್ಕದಲ್ಲಿ ಇಳಿಯುತ್ತವೆ. ಮೂಸೆಯ ಗೋಡೆಯಿಂದ ಹೊರಟ ಆಕ್ಸಿಜನ್ ಸ್ಫಟಿಕದತ್ತ ಸಾಗುವುದೂ ಇಂತಹ ಹರಿವಿನಲ್ಲಿಯೇ.