ತಲೆಯ ಪೆಟ್ಟೂ ಕಣ್ಣಿನ ನೋಟವೂ

ಮರದಿಂದಲೋ ಮೆಟ್ಟಲಿನಿಂದಲೋ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ತಗಲಿದ ಹುಡುಗಿಯು ‘ನನಗೆ ಕಾಣುವದಿಲ್ಲ’ ಎಂದರೆ ಮನೆಯವರು ಮೊದಲು ಅವಳ ಕಣ್ಣುಗಳನ್ನೇ ಪರೀಕ್ಷಿಸುವರು. ಕಣ್ಣು ಕೆಂಪಾಗಿಲ್ಲ, ದೀಪ ಹಿಡಿದರೆ ಪಾಪೆಯು ಎಂದಿನಂತೆ ಕಿರಿದಾಗುವದು. ಆಗ, ಇದು ಬರೀ ನೆವವೆಂದು ತೀರ್ಮಾನಿಸುವವರುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವದರಿಂದ, ಆ ತೀರ್ಮಾನವು ಎಷ್ಟು ಅನ್ಯಾಯವಾದದ್ದೆಂದು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಕಣ್ಣು ಹಿಡಿದ ಬೆಳಕು ನೋಟವಾಗುವದು ಮಿದುಳಿನ ಹಿಂದಣ ಭಾಗದಲ್ಲಿ. ಪಾಪೆಯನ್ನು ಕುಗ್ಗಿಸುವ ನರಮಾರ್ಗವಾದರೋ ಅಲ್ಲಿಯ ವರೆಗೆ ಹೋಗದೆ ನಡುವೆಯೇ ಅಗಲಿ ಬೇರೆ ಕಡೆಗೆ ತಿರುಗುವದು. ಆದಕಾರಣ ಹಿಂದಣ ಮಿದುಳು ಕೆಟ್ಟರೂ ಪಾಪೆಯು ತನ್ನ ಕೆಲಸವನ್ನು ಬಿಡದು. ಹುಬ್ಬಿಗೆ ಬಿದ್ದ ಪೆಟ್ಟಿನಿಂದ ನೇತ್ರನರವೇ ಜಜ್ಜಿದರೆ ಮಾತ್ರ ಆ ಕಣ್ಣಿನ ಪಾಪೆಯು ಬೆಳಕಿಗೆ ಮಂದವಾಗುವದು.

ಮಿದುಳಿನಲ್ಲಿರುವ ನೋಟದ ನಕ್ಷೆಯು ತಿಳಿದುಬಂದದ್ದು ಬಹುಮಟ್ಟಿಗೆ ಯುದ್ಧದ ದೆಸೆಯಿಂದ. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ರಷ್ಯರ 7.62 ಮಿಲಿಮೀಟರಿನ ಗುಂಡುಗಳು ಅತಿವೇಗದಿಂದ ತಲೆಬುರುಡೆಯನ್ನು ಒಂದು ಕಡೆ ಹೊಕ್ಕು ಮತ್ತೊಂದು ಕಡೆ ಹೊರಟರೂ ಕೆಲವು ಸಿಪಾಯಿಗಳು ಬದುಕಿ ಉಳಿದರು. ಅವರ ನೋಟವು ಎಷ್ಟು ಕೆಟ್ಟಿದೆಯೆಂದು ಪಿಂಚಣಿಗಾಗಿ ಗೊತ್ತುಮಾಡಬೇಕಾಗಿದ್ದ ಜಪಾನಿನ ನೇತ್ರವೈದ್ಯ ತತ್ಸುಜಿ ಇನೋಯೆಯವರು, ಗುಂಡಿನ ಹಾದಿಯನ್ನು ಅಳೆಯುವ ಉಪಕರಣವೊಂದನ್ನು ಕಲ್ಪಿಸಿ, ಮಿದುಳಿನ ಯಾವ ಸ್ಥಳ ಕೆಟ್ಟರೆ ನೋಟದ ಯಾವ ಭಾಗ ಹೋಗುವದೆಂದು ಹೊಂದಿಸಿ ನೋಡಿ 1909ರಲ್ಲಿ ಪ್ರಕಟಿಸಿದರು. ನೆಟ್ಟ ನೋಟದ ಸಣ್ಣ ನಡುಭಾಗಕ್ಕೆ ಮಿದುಳಿನಲ್ಲಿ ಬಹು ವಿಸ್ತಾರವಾದ ಸ್ಥಳವುಂಟೆಂದು ಅವರು ಕಂಡರು. ಪಿಂಚಣಿಯ ಲೆಕ್ಕದಿಂದ ಇಂಥ ವಿದ್ಯೆ ಹುಟ್ಟಿದ್ದು ವಿಚಿತ್ರವಲ್ಲವೇ?

ಬಲಗಡೆಯ ಹಿಂದಣ ಮಿದುಳು ಮಾತ್ರ ಕೆಟ್ಟರೆ ಎರಡು ಕಣ್ಣುಗಳಲ್ಲಿಯೂ ಎಡಗಡೆಯ ಅರ್ಧ ನೋಟ ಹೋಗುವದು. ಇಂಥ ಹುಡುಗಿಯು ಬಾಗಿಲಿನ ಎಡದ ಚೌಕಟ್ಟಿಗೆ ಹಾಯುವಳು. ಸಾಲಿನ ಮೊದಲ ಶಬ್ದವನ್ನು ಬಿಟ್ಟು ಓದುವಳು. ಅಲಕ್ಷ್ಯವೆಂದು ಗದರಿಸುವದಕ್ಕಿಂತ ಪುಟದ ಎಡ ಅಂಚಿನಲ್ಲಿ ಒಂದು ಕೆಂಪು ಪಟ್ಟಿಯನ್ನಿಟ್ಟು, ಅದು ಕಾಣುವ ತನಕ ಕಣ್ಣು ಹೊರಳಿಸಲು ಕಲಿಸುವದು ಮೇಲು. ಎಡಗಡೆಯ ಮಿದುಳು ಕೆಟ್ಟರೆ ಓದು ಇನ್ನೂ ಕಷ್ಟ; ಯಾಕಂದರೆ ಕನ್ನಡದ ಸಾಲಿನಲ್ಲಿ ಮುಂದೆ ಬರುವ ಶಬ್ದವು ಬಲಕ್ಕಿರುವದು. ಸಾಧಾರಣ ಕನ್ನಡಕದಿಂದ ಈ ಕೊರತೆ ತೀರದು.

ಮಕ್ಕಳಲ್ಲಿ ಹಗುರಾದ ಪೆಟ್ಟಿನಿಂದ ಬಂದ ಕುರುಡು ಕೆಲವು ಸಾರಿ ಒಂದು ದಿವಸದೊಳಗೇ ತಾನಾಗಿ ಹೋಗುವದುಂಟು. ಹಾಗೆಂದು ಕಾದು ಕೂಡ್ರಲಾಗದು. ನೋಟ ಕೆಟ್ಟರೂ, ಮೇಲಿಂದ ಮೇಲೆ ವಾಂತಿಯಾದರೂ, ಮಂಪರು ಕವಿದರೂ, ತಲೆನೋವು ಏರುತ್ತ ಹೋದರೂ, ಒಂದು ಪಾಪೆ ಹಿರಿದಾದರೂ ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ತಲೆಯೊಳಗಿನ ರಕ್ತಸ್ರಾವವನ್ನು ಸಿ.ಟಿ. ಯಂತ್ರವು ಕೆಲವು ನಿಮಿಷಗಳಲ್ಲಿ ತೋರಿಸುವದು. ಉಳಿದ ಕೊರತೆಯು ಸುಧಾರಿಸುವದಾದರೆ ಬಹುಮಟ್ಟಿಗೆ ಮೊದಲಿನ ಕೆಲವು ತಿಂಗಳುಗಳಲ್ಲಿಯೇ. ಆ ತಿಂಗಳುಗಳಲ್ಲಿ ಕರೀಹಲಗೆಯು ಹುಡುಗಿಗೆ ಕಾಣುವ ಬದಿಗೆ ಬರುವಂತೆ ಅವಳನ್ನು ಕೂಡ್ರಿಸುವ ಕೆಲಸವು ಉಪಾಧ್ಯಾಯಿನಿಯದು.