ಮುರಿದ ಕಾಲು ಕಲಿಸಿದ ಮರಗೆಲಸ

"ಮೂಳೆಯನ್ನು ನೆಟ್ಟಗಿರಿಸಲು ವೈದ್ಯರು ಕಂಡುಕೊಂಡ ಉಪಾಯ ಯಾವುದಾದರೂ ಆಸ್ಪತ್ರೆಯ ಹೊಸ್ತಿಲು ದಾಟಿ ಬೇರೊಂದು ಕೈಗಾರಿಕೆಗೆ ಒದಗಿದ್ದುಂಟೆ?" ಎಂದು ತೀರ್ಥಹಳ್ಳಿಯ ಕಡೆಯ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ. ಲೋಹವಿದ್ಯೆ, ಯಂತ್ರವಿದ್ಯೆಗಳು ಶಸ್ತ್ರವೈದ್ಯಕ್ಕೆ ನೆರವಾದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ವಿದ್ಯೆಯು ಎದುರು ದಿಕ್ಕಿಗೆ ನಡೆದ ನಿದರ್ಶನಗಳು ವಿರಳ. ಅಂಥ ವಿರಳ ನಿದರ್ಶನಗಳಲ್ಲೊಂದು ನನಗೆ ಬಹುಕಾಲದಿಂದ ಪ್ರಿಯವಾಗಿದೆ. ಮುರಿದ ಕಾಲಿಗೆ ಕಟ್ಟುವ ಮರದ ಆಸರೆಯೊಂದು ಕುರ್ಚಿಯಾಗಿ ಮನೆಮನೆಗೆ ನಡೆದುಬಂದ ವೃತ್ತಾಂತವದು.

ಅದನ್ನು ಹೇಳುವುದಕ್ಕೆ ಮುಂಚೆ ಒಂದು ಭ್ರಾಂತಿಯನ್ನು ತೊಡೆಯಬೇಕು. ಕಟ್ಟು ಮೂಳೆಯನ್ನು ಕೂಡಿಸುತ್ತದೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಕಟ್ಟು ಬಿಗಿಯಾದಷ್ಟೂ ಮೂಳೆ ಬೇಗ ಕೂಡುವುದೆಂಬುದು ಆ ನಂಬಿಕೆಯ ಮರಿ. ಮೂಳೆಯನ್ನು ಕೂಡಿಸುವುದು ಮೂಳೆಯೇ. ಮುರಿದ ತುದಿಗಳ ನಡುವೆ ಮೃದುವಾದ ಅಂಗಾಂಶ ಬೆಳೆದು, ಕ್ರಮೇಣ ಸುಣ್ಣದಂಶವನ್ನು ಹೀರಿ ಗಟ್ಟಿಯಾಗುತ್ತದೆ. ಆ ತುದಿಗಳು ಒಂದೇ ರೇಖೆಯಲ್ಲಿ ಅಲುಗದಂತೆ ಕಾಯುವುದಷ್ಟೇ ಹೊರಗಿನ ಆಸರೆಯ ಕರ್ತವ್ಯ. ನನ್ನ ಬಾಲ್ಯದಲ್ಲಿ ಅಡಕೆಮರದಿಂದ ಬಿದ್ದ ಕೊನೆಗೌಡನೊಬ್ಬನ ಕಾಲಿಗೆ ಸೊಪ್ಪಿನ ಮುದ್ದೆ ಬಳಿದು, ಬಿದಿರಿನ ದಬ್ಬೆಗಳನ್ನಿಟ್ಟು ಹಗ್ಗದಿಂದ ಬಿಗಿದರು. ನೋವೆಂದು ಆತನು ಕೂಗಿಕೊಂಡಾಗಲೆಲ್ಲ ಮೂಳೆ ಕೂಡುತ್ತಿದೆಯೆಂದು ಸಮಾಧಾನ ಹೇಳಿದರು. ಮೂರನೆಯ ದಿನ ಕಾಲ್ಬೆರಳುಗಳು ಕಪ್ಪಾದವು. ರಕ್ತಸಂಚಾರ ನಿಂತು ಮಾಂಸ ಸತ್ತಿದ್ದರಿಂದ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ತಾನಾಗಿಯೇ ಕೂಡಬಹುದಾಗಿದ್ದ ಮೂಳೆಯನ್ನು ಅಜ್ಞಾನವು ಹೀಗೆ ಕಳೆದುದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬಣ್ಣ ಬದಲಾದರೆ, ಆ ಕ್ಷಣವೇ ಕಟ್ಟನ್ನು ಸಡಿಲಿಸಿ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಇನ್ನು ವೃತ್ತಾಂತಕ್ಕೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಬಳಕೆಯಲ್ಲಿದ್ದ ಲೋಹದ ಆಸರೆಗಳಲ್ಲಿ ಒಂದು ದೋಷವಿತ್ತು: ಗಾಯಾಳುವನ್ನು ಡೋಲಿಯಲ್ಲಿ ಹೊತ್ತೊಯ್ಯುವಾಗ ಹೊರುವವರ ಹೆಜ್ಜೆಹೆಜ್ಜೆಯ ಕುಲುಕಾಟವನ್ನು ಲೋಹವು ನುಂಗಿಕೊಳ್ಳದೆ, ಹೆಚ್ಚಿಸಿಯೇ ಮುರಿದ ಎಲುಬಿಗೆ ಮುಟ್ಟಿಸುತ್ತಿತ್ತು. ವೈದ್ಯಮಿತ್ರರೊಬ್ಬರಿಂದ ಈ ಸಂಕಟ ಲಾಸ್ ಏಂಜಲೀಸಿನ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸರ ಕಿವಿಗೆ ಬಿತ್ತು. ಆತನು ವಾಸ್ತುಶಿಲ್ಪವನ್ನು ಕಲಿತು ಹಗಲು ಚಲನಚಿತ್ರ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದವನು, ಆಕೆ ಚಿತ್ರಕಲಾವಿದೆ. ಇಬ್ಬರೂ ರಾತ್ರಿಯ ವೇಳೆ ತಮ್ಮ ಬಾಡಿಗೆಯ ಮನೆಯಲ್ಲಿ ಪ್ಲೈವುಡ್ಡನ್ನು ಬಾಗಿಸುವ ಪ್ರಯೋಗದಲ್ಲಿ ಮಗ್ನರಾಗಿದ್ದರು.

ಪ್ಲೈವುಡ್ಡೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಅದನ್ನು ಮರದ ಸೋಗೆಂದೇ ತಿಳಿದವರುಂಟು. ಉತ್ತರ ಕನ್ನಡದ ಕಾರ್ಖಾನೆಯೊಂದರಲ್ಲಿ ದಿಮ್ಮಿಯನ್ನು ಗರಗರನೆ ತಿರುಗಿಸಿ, ಉದ್ದನೆಯ ಅಲಗನ್ನೊಡ್ಡಿ, ಸೀರೆಯ ಮಡಿಕೆ ಬಿಚ್ಚಿದಂತೆ ತೆಳುವಾದ ಪದರವನ್ನು ಸುಲಿಯುವುದನ್ನು ಕಂಡ ದಿನ ನನ್ನ ತಾತ್ಸಾರವೂ ಕರಗಿತು. ಮರವು ನಾರಿನ ಉದ್ದಕ್ಕೆ ಬಲಶಾಲಿ, ಅಡ್ಡಕ್ಕೆ ದುರ್ಬಲ. ಒಂದರ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಬರುವಂತೆ ಪದರಗಳನ್ನು ಅಂಟಿಸಿದರೆ ಒಂದರ ದೌರ್ಬಲ್ಯವನ್ನು ಇನ್ನೊಂದು ಕಾಯುತ್ತದೆ.

ಆದರೆ ಆ ಪದರಗಳನ್ನು ಕಾಲಿನ ಆಕಾರಕ್ಕೆ ಬಾಗಿಸುವುದಿದೆಯಲ್ಲ, ಅಲ್ಲಿದೆ ಈ ಕಥೆಯ ಸ್ವಾರಸ್ಯವೆಲ್ಲ. ಒಂದು ಹಾಳೆ ಕಾಗದವನ್ನು ಲಾಟೀನಿನ ನೆಟ್ಟನೆಯ ಗಾಜಿಗೆ ಸುತ್ತಿ ನೋಡಿ. ಒಂದು ಸುಕ್ಕೂ ಇಲ್ಲದೆ ಅಂಟಿಕೊಳ್ಳುತ್ತದೆ. ಅದೇ ಹಾಳೆಯನ್ನು ತೆಂಗಿನಕಾಯಿಗೆ ಸುತ್ತಲು ಹೋದರೆ ಒಂದೆಡೆ ಮುದುರುತ್ತದೆ, ಇನ್ನೊಂದೆಡೆ ಹರಿಯುತ್ತದೆ. ಗಾಜಿನ ಮೈ ಒಂದೇ ದಿಕ್ಕಿಗೆ ಬಾಗಿದೆ. ಕಾಯಿಯ ಮೈ ಏಕಕಾಲಕ್ಕೆ ಎರಡು ದಿಕ್ಕಿಗೆ. ತುಳುನಾಡಿನ ರೈತನು ಚಪ್ಪಟೆಯಾದ ಅಡಕೆ ಹಾಳೆಯಿಂದ ಮುಟ್ಟಾಳೆಯನ್ನು ಮಾಡುವಾಗ ತಲೆಯ ದುಂಡಿಗೆ ಅದನ್ನು ಹಾಗೆಯೇ ಒತ್ತುವುದಿಲ್ಲ, ಮಡಿಕೆ ಹಾಕಿ ಹೊಲಿಯುತ್ತಾನೆ. ರೇಖಾಗಣಿತದ ಈ ನಿಯಮ ಆತನ ಬೆರಳುಗಳಿಗೆ ಗೊತ್ತು. ಮನುಷ್ಯನ ಕಾಲಾದರೋ ಲಾಟೀನಿನ ಗಾಜಲ್ಲ. ಮೀನಖಂಡದಲ್ಲಿ ಉಬ್ಬು, ಮಂಡಿಯ ಹಿಂದೆ ತಗ್ಗು, ಹಿಮ್ಮಡಿಯಲ್ಲಿ ಬಟ್ಟಲಿನಂಥ ದುಂಡು, ಹೀಗೆ ಅಡಿಗಡಿಗೆ ಎರಡು ದಿಕ್ಕಿನ ಬಾಗು. 1940ರಲ್ಲಿ ಚಾರ್ಲ್ಸನು ಗೆಳೆಯ ಎರೋ ಸಾರಿನೆನ್‌ನೊಡನೆ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದ ಸ್ಪರ್ಧೆಗೆಂದು ರಚಿಸಿದ ಬಾಗುಕುರ್ಚಿಗಳು ಬಹುಮಾನ ಗೆದ್ದಿದ್ದರೂ, ಮರವು ಬಿರಿಯುತ್ತಿದ್ದುದರಿಂದ ಅವುಗಳಿಗೆ ಬಟ್ಟೆಯ ಮೆತ್ತೆ ಹೊದಿಸಬೇಕಾಗಿತ್ತು. ಸಗಟಾಗಿ ತಯಾರಿಸುವ ಮಾತಂತೂ ದೂರವೇ ಉಳಿದಿತ್ತು.

ದಂಪತಿಗಳು ಮನೆಯಲ್ಲಿ ಕಟ್ಟಿಕೊಂಡ ಯಂತ್ರ ನೋಟಕ್ಕೆ ಒರಟು. ಪ್ಲಾಸ್ಟರಿನ ಅಚ್ಚು, ಅದರೊಳಗೆ ಕಾಯುವ ವಿದ್ಯುತ್ ತಂತಿಗಳು. ಅಚ್ಚಿನ ಮೇಲೆ ಅಂಟು ಬಳಿದ ಮರದ ಪದರಗಳು. ಅವುಗಳನ್ನು ಅದುಮಲು ಉಬ್ಬುವ ಒಂದು ಚೀಲ. ಚೀಲಕ್ಕೆ ಗಾಳಿ ತುಂಬುವುದು ಸೈಕಲ್ ಪಂಪಿನಿಂದ! ಕಬ್ಬಿಣದ ಒತ್ತುಯಂತ್ರವು ಅಚ್ಚಿನ ಉಬ್ಬನ್ನು ಹೆಚ್ಚು, ತಗ್ಗನ್ನು ಕಡಿಮೆ ಅದುಮೀತು; ಗಾಳಿಯಾದರೋ ಉಬ್ಬಿಗೂ ತಗ್ಗಿಗೂ ಸಮನಾದ ಒತ್ತಡವನ್ನೇ ಹಂಚುತ್ತದೆ. ಗಂಟೆಗಟ್ಟಲೆ ಕಾದ ಮೇಲೆ ಅಂಟು ಗಟ್ಟಿಯಾಗಿ, ಚೀಲವನ್ನು ಸರಿಸಿದಾಗ ಮಾಯೆಯಂತೆ ಬಾಗಿದ ಮರ ಕಾಣಿಸುತ್ತಿತ್ತೆಂದು, ಮಾಂತ್ರಿಕರ ಉದ್ಗಾರವನ್ನೇ ಎರವಲು ಪಡೆದು ಅದಕ್ಕೆ 'ಕಜಾಮ್ ಯಂತ್ರ'ವೆಂದು ಹೆಸರಿಟ್ಟರು. ಕಾಲಿನ ಆಸರೆಗೆ ಮಾದರಿಯಾದುದು ಚಾರ್ಲ್ಸನ ಸ್ವಂತ ಕಾಲು.

ಇಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿಯುಂಟು. ಸುಮಾರು ಮೂರೂವರೆ ಅಡಿ ಉದ್ದದ ಆ ಆಸರೆಯ ಚಿತ್ರವನ್ನು ನೋಡಿದವರ ಕಣ್ಣನ್ನು ಮೊದಲು ಸೆಳೆಯುವುದು ಅದರ ಇಕ್ಕೆಲಗಳಲ್ಲಿ ಸಮನಾಗಿ ಕತ್ತರಿಸಿದ ತೂತುಗಳೂ ಸೀಳುಗಳೂ, ಅಲಂಕಾರವೆಂದೇ ತೋರುತ್ತದೆ. ಎರಡು ದಿಕ್ಕಿಗೆ ಬಾಗುವಾಗ ಎಲ್ಲಿ ಮರ ಮುದುರಲು ಹವಣಿಸುವುದೋ, ಎಲ್ಲಿ ಬಿರಿಯಲು ಎಳೆಯುವುದೋ, ಅಲ್ಲಿಯೇ ಮರವನ್ನು ತೆಗೆದುಬಿಟ್ಟಿದ್ದಾರೆ. ಮುಟ್ಟಾಳೆಯ ಮಡಿಕೆ ಮಾಡುವ ಕೆಲಸವನ್ನು ಇಲ್ಲಿ ಶೂನ್ಯವು ಮಾಡುತ್ತದೆ. ಆ ತೂತುಗಳೇ ರಣರಂಗದ ಶುಶ್ರೂಷಕನಿಗೆ ಬ್ಯಾಂಡೇಜಿನ ಬಟ್ಟೆಯನ್ನು ತೂರಿಸಿ ಕಾಲನ್ನು ಕಟ್ಟುವ ಕಿಂಡಿಗಳೂ ಆಗುತ್ತವೆ. ಮರದ ನೋವನ್ನು ನೀಗುವ ತೆರಪೇ ಮನುಷ್ಯನ ನೋವಿಗೂ ಒದಗಿದ ಈ ಏಕಕಾಲದ ದ್ವಿವಿಧ ಸಾರ್ಥಕ್ಯವನ್ನು ನಾನು ಎಷ್ಟು ಸಲ ಮೆಲುಕು ಹಾಕಿದರೂ ಅದರ ರುಚಿ ಕೆಟ್ಟಿಲ್ಲ.

ಅಮೆರಿಕದ ನೌಕಾಪಡೆ 1942ರಲ್ಲಿ ಮೊದಲು 5,000 ಆಸರೆಗಳನ್ನು ಬೇಡಿತು; ಯುದ್ಧ ಮುಗಿಯುವ ವೇಳೆಗೆ ಸುಮಾರು 1,50,000 ತಯಾರಾದವು. ಒಂದರ ಮೇಲೊಂದು ಗೂಡಿನಂತೆ ಕೂರುವ ಹಗುರವಾದ ವಸ್ತುವಾದ್ದರಿಂದ ಸಾಗಾಟಕ್ಕೂ ಸುಲಭವಾಗಿತ್ತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಬಾಡಿಗೆಮನೆಯ ಸೈಕಲ್ ಪಂಪಿನ ಪ್ರಯೋಗವು ಕಾರ್ಖಾನೆಯ ವಿದ್ಯೆಯಾದದ್ದು: ಎಷ್ಟು ಶಾಖ, ಎಷ್ಟು ಒತ್ತಡ, ಯಾವ ಅಂಟು, ಎಲ್ಲಿ ತೆರಪು ಎಂಬುದೆಲ್ಲ ಒಂದೊಂದಾಗಿ ಕೈವಶವಾಯಿತು.

ಯುದ್ಧ ಮುಗಿಯುತ್ತಿದ್ದಂತೆ ದಂಪತಿಗಳು ಪುನಃ ಕುರ್ಚಿಗೆ ಕೈಹಾಕಿದರು. ಆಸನವನ್ನೂ ಬೆನ್ನೊರಗನ್ನೂ ಒಂದೇ ಮರದಲ್ಲಿ ಬಾಗಿಸಲು ನೋಡಿದಾಗ ಎರಡೂ ಸಂಧಿಸುವ ಕಡಿದಾದ ತಿರುವಿನಲ್ಲಿ ಮರವು ಹಳೆಯ ಹಟವನ್ನೇ ತೋರಿ ಬಿರಿಯಿತು. ಆಸರೆಯಲ್ಲಿ ಕಲಿತಂತೆ ಅಲ್ಲಿ ತೆರಪು ಬಿಟ್ಟರು. ಸಾಲದೆ ಹೋಗಲು ತೆರಪನ್ನು ಹಿಗ್ಗಿಸಿದರು. ಕೊನೆಗೆ ಆಸನ ಬೇರೆ, ಬೆನ್ನು ಬೇರೆ ಎಂಬಷ್ಟು ಹಿಗ್ಗಿಸಿಯೇಬಿಟ್ಟರು. ಬೇರೆಯಾದ ಆ ಎರಡು ಭಾಗಗಳನ್ನು ಕುರ್ಚಿಯ ಅಸ್ಥಿಪಂಜರಕ್ಕೆ ಕೂಡಿಸುವಲ್ಲಿ, ನಮ್ಮ ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿರುವಂತೆ, ರಬ್ಬರಿನ ಬಿಲ್ಲೆಗಳನ್ನಿಟ್ಟರು. 1946ರಲ್ಲಿ ಜನರೆದುರಿಗೆ ಬಂದ ಆ ಕುರ್ಚಿಯಲ್ಲಿ ಕುಳಿತು ಒರಗಿದರೆ, ಬೆನ್ನಿನ ಹಲಗೆ ಒಂದಿಷ್ಟು ಹಿಂದಕ್ಕೆ ಬಾಗಿ, ಎದ್ದೊಡನೆ ಮತ್ತೆ ತನ್ನ ರೇಖೆಗೆ ಬಂದು ನಿಲ್ಲುತ್ತದೆ.