ರಿಮೋಟ್ ಕಾರ್ ರೇಸ್: ದೊಡ್ಡ ಮೋಟರ್ ಕೊಳ್ಳುವ ಮೊದಲು ಕಾರು ನೆಟ್ಟಗೆ ಓಡಲಿ

ರಿಮೋಟ್ ಕಾರು ಎಂದರೆ ಮಕ್ಕಳ ಹುಟ್ಟುಹಬ್ಬಕ್ಕೆ ತಂದು, ವಾರದೊಳಗೆ ಮಂಚದಡಿ ಸೇರುವ ಆಟಿಕೆ ಎಂಬುದು ಹಲವರ ಲೆಕ್ಕ. ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಸ್ಪ್ರಿಂಗ್, ಡ್ಯಾಂಪರ್, ಡಿಫರೆನ್ಶಿಯಲ್ ಎಲ್ಲವೂ ಇರುವ, ಮುರಿದರೆ ಬಿಚ್ಚಿ ಬಿಡಿಭಾಗ ಹಾಕಬಹುದಾದ ಕಾರುಗಳೂ ಇವೆ. ನಿಜವಾದ ಕಾರಿನ ಹತ್ತರಲ್ಲಿ ಒಂದು ಅಳತೆಯ ಇವಕ್ಕೆ ಟೂರಿಂಗ್ ಕಾರ್ ಎಂದು ಹೆಸರು. ಇವುಗಳಿಗಾಗಿಯೇ ಟ್ರ್ಯಾಕ್, ನಿಯಮ, ಅರ್ಹತಾ ಸುತ್ತು, ಫೈನಲ್ ಎಲ್ಲ ಇವೆ. ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತದೆ.

ಈ ಹವ್ಯಾಸಕ್ಕೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಮೊದಲ ರೇಸ್‌ನಲ್ಲಿ ಹಿಂದೆ ಬಿದ್ದ ಕೂಡಲೇ ಇನ್ನೂ ಜೋರಾದ ಮೋಟರ್ ಕೊಳ್ಳುತ್ತಾರೆ. ಹತೋಟಿಗೆ ಬಾರದ ಕಾರು ಇನ್ನಷ್ಟು ವೇಗವಾಗಿ ಹೋಗಿ ಗೋಡೆಗೆ ಗುದ್ದುತ್ತದೆ. ಬಿಡಿಭಾಗಗಳಿಗೆ ದುಡ್ಡು ಸುರಿದು ಸಾಕಾಗಿ, ಎರಡು ತಿಂಗಳಲ್ಲಿ ಕಾರು ಅಟ್ಟ ಸೇರುತ್ತದೆ. ಹಾಗಾಗದಿರಲು ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಗೆಲ್ಲಿಸುವುದು ವೇಗವಲ್ಲ: ಒಂದು ಸಣ್ಣ ಲೆಕ್ಕ

ಈ ರೇಸ್‌ಗಳು ಸಾಮಾನ್ಯವಾಗಿ 5 ನಿಮಿಷದವು. ಒಂದು ಸುತ್ತಿಗೆ 20 ಸೆಕೆಂಡ್ ಬೇಕಾಗುವ ಟ್ರ್ಯಾಕ್ ಎಂದಿಟ್ಟುಕೊಳ್ಳಿ. 5 ನಿಮಿಷಕ್ಕೆ 15 ಸುತ್ತು. ಹೊಸ ಮೋಟರ್ ಪ್ರತಿ ಸುತ್ತಿಗೆ 0.3 ಸೆಕೆಂಡ್ ಉಳಿಸಿತು ಎನ್ನೋಣ. ಇಡೀ ರೇಸ್‌ನಲ್ಲಿ ಸಿಗುವ ಲಾಭ ಕೇವಲ 4.5 ಸೆಕೆಂಡ್.

ಅದೇ ಕಾರು ಒಮ್ಮೆ ಪಲ್ಟಿಯಾದರೆ? ಟ್ರ್ಯಾಕ್ ಬದಿಯಲ್ಲಿ ನಿಂತ ಮಾರ್ಷಲ್ ಬಂದು, ಬೇರೆ ಕಾರುಗಳು ಹೋಗುವುದನ್ನು ನೋಡಿಕೊಂಡು, ಎತ್ತಿ ನಿಲ್ಲಿಸುವಷ್ಟರಲ್ಲಿ 8ರಿಂದ 10 ಸೆಕೆಂಡ್ ಹೋಗಿರುತ್ತದೆ. ಅಂದರೆ ಒಂದೇ ಒಂದು ಪಲ್ಟಿ, ಹೊಸ ಮೋಟರ್ ತಂದುಕೊಟ್ಟದ್ದರ ಎರಡರಷ್ಟನ್ನು ನುಂಗಿಹಾಕುತ್ತದೆ. ಎಂಟ್ರಿ ಲೆವೆಲ್ ರೇಸ್‌ಗಳಲ್ಲಿ ಬಹಳಷ್ಟು ಸಲ ಗೆಲ್ಲುವುದು ಗೋಡೆಗೆ ತಾಗದೆ 15 ಸುತ್ತು ಮುಗಿಸಿದ ಕಾರು.

ಮೊದಲ ಕಾರು ಯಾವುದು?

ಜಗತ್ತಿನ ಹಲವೆಡೆ ಹೊಸಬರು ಕೈಗೆತ್ತಿಕೊಳ್ಳುವ ಕಾರು ಜಪಾನಿನ ತಮಿಯಾ ಕಂಪನಿಯ ಟಿಟಿ-02. ಶಿಜುವೊಕಾ ನಗರದ ಈ ಕಂಪನಿ 1976ರಲ್ಲಿ ಪೋರ್ಷೆ 934 ಮಾದರಿಯ ರಿಮೋಟ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಟಿಟಿ-02 ಬಂದದ್ದು 2013ರಲ್ಲಿ, ಹಳೆಯ ಟಿಟಿ-01ರ ಜಾಗಕ್ಕೆ.

ಇದರ ಚಾಸಿ ಪ್ಲಾಸ್ಟಿಕ್‌ನದು, ತೊಟ್ಟಿಯ ಆಕಾರದ್ದು. ಬ್ಯಾಟರಿ ಒಂದು ಬದಿ, ಎಲೆಕ್ಟ್ರಾನಿಕ್ಸ್ ಇನ್ನೊಂದು ಬದಿ. ನಡುವೆ ಉದ್ದಕ್ಕೆ ಒಂದು ಶಾಫ್ಟ್ ಹಾದು ಮುಂದಿನ, ಹಿಂದಿನ ಚಕ್ರಗಳೆರಡಕ್ಕೂ ಶಕ್ತಿ ಕೊಡುತ್ತದೆ. ಗೇರುಗಳು ಮುಚ್ಚಿದ ಡಬ್ಬಿಯೊಳಗೆ ಇರುವುದರಿಂದ ನಮ್ಮ ಪಾರ್ಕಿಂಗ್ ಜಾಗಗಳ ದೂಳು, ಮರಳು ಸುಲಭವಾಗಿ ಒಳಹೋಗುವುದಿಲ್ಲ. ಒಂದೇ ಚಾಸಿಯ ಮೇಲೆ ಬೇರೆ ಬೇರೆ ಕಾರುಗಳ ಬಾಡಿ ಕೂರಿಸಬಹುದು.

ಇಂತಹ ಕಿಟ್‌ಗಳು ಹೊರದೇಶದಿಂದ ಬರಬೇಕು. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿಸಿತು. ಹಾಗಾಗಿ ಮುರಿದ ಒಂದೊಂದು ಭಾಗವೂ ಇಲ್ಲಿ ದುಬಾರಿ. ಕಾರು ಕೊಳ್ಳುವ ಮೊದಲು ನಿಮ್ಮೂರಿನಲ್ಲಿ ರೇಸ್ ಮಾಡುವವರು ಯಾವ ಕಾರು ಬಳಸುತ್ತಾರೆ, ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದುಕೊಳ್ಳುವುದು ಲೇಸು. ಎಲ್ಲರೂ ಓಡಿಸುವ ಕಾರನ್ನೇ ಕೊಂಡರೆ ಭಾಗವೂ ಸಿಗುತ್ತದೆ, ಸಲಹೆಯೂ ಸಿಗುತ್ತದೆ.

ಜೋಡಿಸುವಾಗಲೇ ಅರ್ಧ ಕೆಲಸ

ಕಿಟ್ ಬರುವುದು ಬಿಡಿ ಬಿಡಿಯಾಗಿ. ಪುಸ್ತಕ ನೋಡಿಕೊಂಡು ನೀವೇ ಜೋಡಿಸಬೇಕು. ಇಲ್ಲಿ ಮೂರು ಸಂಗತಿ ಮುಖ್ಯ.

ಮೊದಲನೆಯದು ಸ್ಕ್ರೂ. ಪ್ಲಾಸ್ಟಿಕ್‌ಗೆ ಬಿಗಿಯುವ ಸ್ಕ್ರೂ ಕೂತ ಕೂಡಲೇ ನಿಲ್ಲಿಸಿ. ಇನ್ನೊಂದು ಸುತ್ತು ಬಿಗಿದರೆ ಮರೆ ಕಿತ್ತುಹೋಗುತ್ತದೆ, ಮತ್ತೆಂದೂ ಹಿಡಿಯುವುದಿಲ್ಲ.

ಎರಡನೆಯದು ಸರ್ವೊ, ಅಂದರೆ ಸ್ಟೀರಿಂಗ್ ತಿರುಗಿಸುವ ಪುಟ್ಟ ಯಂತ್ರ. ಇದನ್ನು ರಿಸೀವರ್‌ಗೆ ಜೋಡಿಸಿ, ರಿಮೋಟ್ ಆನ್ ಮಾಡಿ, ಟ್ರಿಮ್ ಸೊನ್ನೆಯಲ್ಲಿಟ್ಟು, ಸರ್ವೊ ನಡುವಿಗೆ ಬಂದ ಮೇಲೆಯೇ ಅದರ ಕೈ ಕೂರಿಸಬೇಕು. ಈ ಹೆಜ್ಜೆ ಬಿಟ್ಟವರ ಕಾರು ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಅರ್ಧವೇ ತಿರುಗುತ್ತದೆ.

ಮೂರನೆಯದು ಬೇರಿಂಗ್. ಹಲವು ಕಿಟ್‌ಗಳಲ್ಲಿ ಚಕ್ರ ಮತ್ತು ಗೇರಿನ ಜಾಗಕ್ಕೆ ಪ್ಲಾಸ್ಟಿಕ್ ಬುಷ್ ಕೊಟ್ಟಿರುತ್ತಾರೆ. ಅವು ಬೇಗ ಸವೆದು ಚಕ್ರ ಅಲುಗಾಡಲು ಶುರುವಾಗುತ್ತದೆ. ಮೊದಲ ಹೆಚ್ಚುವರಿ ಖರ್ಚು ಮಾಡುವುದಿದ್ದರೆ ಬಾಲ್ ಬೇರಿಂಗ್ ಸೆಟ್‌ಗೆ ಮಾಡಿ. ಕಾರು ಹಗುರಾಗಿ ಓಡುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಮೋಟರ್ ಕಡಿಮೆ ಬಿಸಿಯಾಗುತ್ತದೆ.

ಅಡುಗೆಮನೆ ಕಟ್ಟೆಯ ಮೇಲೆ ಪರೀಕ್ಷೆ

ಸೆಟಪ್ ಎಂದ ಕೂಡಲೇ ದುಬಾರಿ ಅಳತೆ ಸಾಮಾನು ಬೇಕೆಂದಿಲ್ಲ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಷ್ಟು ಸಮತಟ್ಟಾದ ಜಾಗ ಮನೆಯಲ್ಲಿ ಬೇರೆ ಸಿಗುವುದು ಕಷ್ಟ. ಬ್ಯಾಟರಿ ಹಾಕಿ ಕಾರನ್ನು ಅದರ ಮೇಲಿಡಿ.

ಮೊದಲು ಕಾರಿನ ಎತ್ತರ ನೋಡಿ. ಸಮತಟ್ಟಾದ ಟ್ರ್ಯಾಕ್‌ನಲ್ಲಿ ನೆಲದಿಂದ ಚಾಸಿಗೆ 5-6 ಮಿ.ಮೀ. ಸಾಕು. ಒರಟು ಡಾಂಬರು, ಸಿಮೆಂಟ್ ನೆಲವಾದರೆ ಇನ್ನೂ ಕೆಲವು ಮಿ.ಮೀ. ಮೇಲಿರಲಿ. ಎಡ, ಬಲ ಸಮನಾಗಿರಬೇಕು.

ನಂತರ ಮುಂಭಾಗದ ಸರಿ ನಡುವೆ ಚಾಕುವಿನ ತುದಿಯಿಟ್ಟು ನಿಧಾನವಾಗಿ ಎತ್ತಿ. ಎರಡೂ ಮುಂದಿನ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಒಂದು ಮೊದಲೇ ಎದ್ದರೆ ಚಾಸಿ ತುಸು ತಿರುಚಿದೆ, ಇಲ್ಲವೇ ಒಂದು ಬದಿ ಭಾರ ಹೆಚ್ಚಾಗಿದೆ, ಇಲ್ಲವೇ ಯಾವುದೋ ಸ್ಪ್ರಿಂಗ್ ಅಥವಾ ಡ್ಯಾಂಪರ್ ಬಿಗಿಯಾಗಿ ಕೂತಿದೆ ಎಂದರ್ಥ. ಹಿಂಭಾಗಕ್ಕೂ ಹೀಗೇ ಮಾಡಿ. ಎಡಕ್ಕೆ ಸರಿಯಾಗಿ ತಿರುಗಿ ಬಲಕ್ಕೆ ಗಿರಕಿ ಹೊಡೆಯುವ ಕಾರಿನ ಕಾಯಿಲೆ ಹೆಚ್ಚಾಗಿ ಇಲ್ಲಿಯೇ ಗೊತ್ತಾಗುತ್ತದೆ.

ಮೇಲಿನಿಂದ ನೋಡಿದಾಗ ಚಕ್ರಗಳ ದಿಕ್ಕನ್ನೂ ಗಮನಿಸಿ. ಮುಂದಿನವು ನೇರವಾಗಿರಲಿ. ಹಿಂದಿನ ಎರಡೂ ಚಕ್ರಗಳ ಮುಂತುದಿ 2-3 ಡಿಗ್ರಿ ಒಳಕ್ಕೆ ತಿರುಗಿದ್ದರೆ ಕಾರು ಸ್ಥಿರವಾಗಿ ಓಡುತ್ತದೆ. ಇದಕ್ಕೆಂದೇ ಬೇರೆ ಭಾಗಗಳು ಸಿಗುತ್ತವೆ, ರೇಸ್ ನಿಯಮ ಒಪ್ಪಿದರೆ ಹಾಕಬಹುದು.

ಟೈರೇ ಎಲ್ಲಕ್ಕಿಂತ ಮೇಲು

ಕಾರು ನೆಲ ಮುಟ್ಟುವುದು ನಾಲ್ಕು ಟೈರುಗಳಲ್ಲಿ ಮಾತ್ರ. ಕಿಟ್ ಜೊತೆ ಬರುವ ಟೈರು ಸಾಮಾನ್ಯವಾಗಿ ಗಟ್ಟಿ ರಬ್ಬರಿನದು, ಬಾಳಿಕೆ ಹೆಚ್ಚು, ಹಿಡಿತ ಕಡಿಮೆ. ಆ ಟ್ರ್ಯಾಕ್‌ಗೆ ಹೊಂದುವ ಒಂದು ಜೊತೆ ಟೈರು ಹಾಕಿದರೆ ಯಾವ ಮೋಟರ್ ಕೊಡುವುದಕ್ಕಿಂತಲೂ ಹೆಚ್ಚು ಸಮಯ ಉಳಿಯಬಹುದು. ಹಲವು ರೇಸ್‌ಗಳಲ್ಲಿ ಎಲ್ಲರೂ ಒಂದೇ ಬಗೆಯ ಟೈರು ಹಾಕಬೇಕೆಂಬ ನಿಯಮವಿರುತ್ತದೆ. ಮೊದಲೇ ವಿಚಾರಿಸಿ.

ಟೈರನ್ನು ರಿಮ್‌ಗೆ ಸೂಪರ್ ಗ್ಲೂನಿಂದ ಸುತ್ತಲೂ ಅಂಟಿಸಿ. ಅಂಟಿಸದ ಟೈರು ತಿರುವಿನಲ್ಲಿ ರಿಮ್ ಬಿಟ್ಟು ಜಾರುತ್ತದೆ. ಪ್ರತಿ ಓಟದ ನಂತರ ದೂಳು ಒರೆಸಿ. ಸವೆತ ಒಳ ಅಂಚಿನಲ್ಲಿ ಮಾತ್ರ ಕಂಡರೆ ಚಕ್ರ ಒಳಕ್ಕೆ ಹೆಚ್ಚು ವಾಲಿದೆ, ಹೊರ ಅಂಚಿನಲ್ಲಿ ಮಾತ್ರ ಕಂಡರೆ ವಾಲಿದ್ದು ಸಾಲದು. 1ರಿಂದ 2 ಡಿಗ್ರಿ ಒಳವಾಲು ಸಾಮಾನ್ಯ.

ಕಾರು ಹೇಳುವುದನ್ನು ಕೇಳಿ

ಟ್ರ್ಯಾಕ್‌ಗೆ ಇಳಿದ ಮೇಲೆ ಕಾಣುವ ತೊಂದರೆಗಳು ಹೆಚ್ಚೂಕಡಿಮೆ ಇಷ್ಟೇ:

* ತಿರುವಿನಲ್ಲಿ ಮೂತಿ ಹೊರಕ್ಕೆ ಹೋಗುತ್ತದೆ: ಮೊದಲು ವೇಗ ತಗ್ಗಿಸಿ ತಿರುಗಿಸಿ ನೋಡಿ. ಆಗಲೂ ಹಾಗೇ ಆದರೆ ಮುಂದೆ ಮೆತ್ತಗಿನ ಸ್ಪ್ರಿಂಗ್ ಅಥವಾ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ.
* ಹಿಂಭಾಗ ಜಾರಿ ಬುಗುರಿಯಂತೆ ಸುತ್ತುತ್ತದೆ: ಹಿಂದೆ ಮೆತ್ತಗಿನ ಸ್ಪ್ರಿಂಗ್ ಹಾಕಿ, ಹಿಂದಿನ ಟೈರು ಸವೆದಿದೆಯೇ ನೋಡಿ.
* ತಿರುವಿನಲ್ಲಿ ಒಳಚಕ್ರಗಳು ಎದ್ದು ಪಲ್ಟಿಯಾಗುತ್ತದೆ: ಕಾರನ್ನು ತಗ್ಗಿಸಿ, ಸ್ಪ್ರಿಂಗ್ ಗಟ್ಟಿ ಮಾಡಿ, ಬಾಡಿಯನ್ನು ಆದಷ್ಟು ಕೆಳಗೆ ಕೂರಿಸಿ.
* ತಿರುವಿನಿಂದ ಹೊರಬರುವಾಗ ಒಳಗಿನ ಮುಂದಿನ ಚಕ್ರ ಸುಮ್ಮನೆ ಸುತ್ತುತ್ತದೆ: ಮುಂದಿನ ಡಿಫರೆನ್ಶಿಯಲ್‌ಗೆ ಮಂದ ಗ್ರೀಸ್ ತುಂಬಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಟ್ಟುಕೊಳ್ಳಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

ಗೇರಿನ ಗಣಿತ, ಮೋಟರಿನ ಬಿಸಿ

ಟಿಟಿ-02ರಲ್ಲಿ ಮೋಟರಿನ ಪಿನಿಯನ್ ಗೇರಿಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೆ 70 ಹಲ್ಲು. ಒಳಗಿನ ಗೇರುಗಳ ಅನುಪಾತ 2.6. 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ ಸುಮಾರು 8.27. ಅಂದರೆ ಮೋಟರ್ 8.27 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಪಿನಿಯನ್ ಹಲ್ಲು ಹೆಚ್ಚಿದಂತೆ ಗರಿಷ್ಠ ವೇಗ ಹೆಚ್ಚುತ್ತದೆ, ಆದರೆ ತಿರುವಿನಿಂದ ಹೊರಡುವ ಜಿಗಿತ ಕಡಿಮೆಯಾಗುತ್ತದೆ, ಮೋಟರ್ ಬಿಸಿಯಾಗುತ್ತದೆ. ನೇರ ಹಾದಿ ಚಿಕ್ಕದಿರುವ ಟ್ರ್ಯಾಕ್‌ನಲ್ಲಿ ದೊಡ್ಡ ಪಿನಿಯನ್‌ನಿಂದ ನಷ್ಟವೇ ಹೆಚ್ಚು.

ಓಟ ಮುಗಿದ ಕೂಡಲೇ ಮೋಟರನ್ನು ಬೆರಳಿಂದ ಹಗುರಾಗಿ ಮುಟ್ಟಿ ನೋಡಿ. ಎರಡು ಮೂರು ಸೆಕೆಂಡ್ ಇಡಲಾಗದಷ್ಟು ಸುಡುತ್ತಿದ್ದರೆ ಪಿನಿಯನ್ ಹಲ್ಲು ಕಡಿಮೆ ಮಾಡಿ. ಬೇಸಿಗೆಯ ಮಧ್ಯಾಹ್ನ ಚೆನ್ನೈ, ಹೈದರಾಬಾದ್‌ನಂಥ ಊರುಗಳಲ್ಲಿ ಓಟಗಳ ನಡುವೆ ಮೋಟರ್ ತಣಿಯಲು ಬಿಡಲೇಬೇಕು.

ಬ್ಯಾಟರಿ: ಇಲ್ಲಿ ಸಸಾರ ಬೇಡ

ಹೊಸಬರಿಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಸುರಕ್ಷಿತ. 1.2 ವೋಲ್ಟ್‌ನ 6 ಸೆಲ್ ಸೇರಿ 7.2 ವೋಲ್ಟ್. ಲಿಥಿಯಂ ಪಾಲಿಮರ್, ಅಂದರೆ ಲಿಪೊ ಬ್ಯಾಟರಿ ಹಗುರ, ಶಕ್ತಿಯೂ ಹೆಚ್ಚು. ಆದರೆ ತಪ್ಪಾಗಿ ಬಳಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಎರಡು ಸೆಲ್‌ನ ಲಿಪೊ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಕಾರಿನ ಸ್ಪೀಡ್ ಕಂಟ್ರೋಲರ್‌ನಲ್ಲಿ ಲಿಪೊಗೆ ತಕ್ಕ ಕಟ್-ಆಫ್ ಇದೆಯೇ, ಅದು ಆನ್ ಆಗಿದೆಯೇ ನೋಡಿಕೊಳ್ಳಿ. ಲಿಪೊ ಚಾರ್ಜರ್‌ನಲ್ಲಿಯೇ, ಬೆಂಕಿ ತಡೆಯುವ ಚೀಲದಲ್ಲಿಟ್ಟು, ಕಣ್ಣೆದುರಿಗೇ ಚಾರ್ಜ್ ಮಾಡಿ. ರಾತ್ರಿ ಚಾರ್ಜ್‌ಗೆ ಹಾಕಿ ಮಲಗುವುದು ಖಂಡಿತ ಬೇಡ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಟ್ಟುಹೋಗಬೇಡಿ. ವಿಮಾನದಲ್ಲಿ ಒಯ್ಯುವಾಗ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿರಬೇಕು, ಚೆಕ್-ಇನ್ ಲಗೇಜ್‌ನಲ್ಲಿ ಅಲ್ಲ.

ಇನ್ನೊಂದು ಅಭ್ಯಾಸ ರೂಢಿಸಿಕೊಳ್ಳಿ. ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು, ಆಮೇಲೆ ರಿಮೋಟ್. ಇದು ತಿರುವುಮುರುವಾದರೆ ಕಾರು ತನ್ನಷ್ಟಕ್ಕೆ ನುಗ್ಗಬಹುದು. ಒಂದೂವರೆ ಕಿಲೋ ಆಸುಪಾಸಿನ ಕಾರು ಗಂಟೆಗೆ 25-30 ಕಿ.ಮೀ. ವೇಗದಲ್ಲಿ ಕಾಲಿಗೆ ಬಡಿದರೆ ಗಾಯ ಖಚಿತ.

ಎರಡು ಬಾಟಲಿ ಸಾಕು

ಅಭ್ಯಾಸಕ್ಕೆ ಟ್ರ್ಯಾಕ್ ಇರಲೇಬೇಕೆಂದಿಲ್ಲ. ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಸೊಸೈಟಿಯ ಅನುಮತಿ ಪಡೆದು, ಮಕ್ಕಳು, ನಾಯಿ ಓಡಾಡದ ಹೊತ್ತಿನಲ್ಲಿ 10 ಮೀಟರ್ ಅಂತರದಲ್ಲಿ ಎರಡು ನೀರಿನ ಬಾಟಲಿ ಇಡಿ. ಅವುಗಳ ಸುತ್ತ ಇಂಗ್ಲಿಷ್ ಎಂಟರ ಆಕಾರದಲ್ಲಿ ಓಡಿಸಿ. ಸಾರ್ವಜನಿಕ ರಸ್ತೆಯಲ್ಲಿ ಬೇಡವೇ ಬೇಡ.

ಹೊಸಬರನ್ನು ಹೆಚ್ಚು ಕಾಡುವುದು ಕಾರು ನಿಮ್ಮ ಕಡೆಗೆ ಬರುವಾಗ. ಆಗ ಎಡ ಬಲ ಅದಲುಬದಲಾಗಿ ಕಾಣುತ್ತದೆ. ನೀವೇ ಕಾರಿನೊಳಗೆ ಕೂತಿದ್ದೀರಿ ಎಂದು ಕಲ್ಪಿಸಿಕೊಂಡು ಓಡಿಸಿದರೆ ಕೆಲವೇ ದಿನಗಳಲ್ಲಿ ಕೈ ಪಳಗುತ್ತದೆ. ಬಾಟಲಿಗೆ ತಾಗದೆ ಸತತ 20 ಸುತ್ತು ಮುಗಿಸಿದ ದಿನ ರೇಸ್‌ಗೆ ಹೆಸರು ಕೊಡಬಹುದು.

ರೇಸ್ ದಿನ ಏನಾಗುತ್ತದೆ?

ಮೊದಲು ಕಾರು ನಿಯಮಕ್ಕೆ ತಕ್ಕಂತಿದೆಯೇ ಎಂಬ ತಪಾಸಣೆ. ನಂತರ ಅಭ್ಯಾಸ, ಅರ್ಹತಾ ಸುತ್ತುಗಳು. ಅರ್ಹತೆಯಲ್ಲಿ ಪೈಪೋಟಿ ಗಡಿಯಾರದೊಂದಿಗೆ, ಪಕ್ಕದ ಕಾರಿನೊಂದಿಗಲ್ಲ. ಕಾರಿನಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಸಾಧನ ಪ್ರತಿ ಸುತ್ತನ್ನೂ ಎಣಿಸುತ್ತದೆ. ಆ ಫಲಿತಾಂಶದ ಮೇಲೆ ವೇಗದವರು ಎ ಫೈನಲ್‌ಗೆ, ನಂತರದವರು ಬಿ, ಸಿ ಫೈನಲ್‌ಗಳಿಗೆ ಹೋಗುತ್ತಾರೆ. ಹೊಸಬರೂ ತಮ್ಮ ಮಟ್ಟದವರೊಂದಿಗೇ ಸೆಣಸುವುದರಿಂದ ಯಾರೂ ಸುಮ್ಮನೆ ನೋಡುತ್ತ ನಿಲ್ಲಬೇಕಿಲ್ಲ.

ನಿಮ್ಮ ಓಟ ಮುಗಿದ ಮೇಲೆ ಮನೆಗೆ ಹೊರಡುವಂತಿಲ್ಲ. ಮುಂದಿನ ಓಟಕ್ಕೆ ನೀವು ಮಾರ್ಷಲ್ ಆಗಿ ನಿಲ್ಲಬೇಕು. ಅದು ಈ ಆಟದ ಅಲಿಖಿತ ಸಾಲ. ನಿಮ್ಮ ಕಾರನ್ನು ಯಾರೋ ಎತ್ತಿ ನಿಲ್ಲಿಸಿದ್ದರು, ಈಗ ಅವರದ್ದನ್ನು ನೀವು ಎತ್ತಿ ನಿಲ್ಲಿಸುತ್ತೀರಿ. ಒಂದು ಸುತ್ತು ಮುಂದಿರುವ ಕಾರು ಹಿಂದಿನಿಂದ ಬಂದರೆ ದಾರಿ ಬಿಡುವುದೂ ಮರ್ಯಾದೆ.

ಮಾರ್ಷಲ್ ಆಗಿ ನಿಂತಾಗ ಗೆಲ್ಲುವ ಕಾರನ್ನು ಸುಮ್ಮನೆ ಗಮನಿಸಿ. ನೋಡಲು ಅದು ಅಷ್ಟೇನೂ ಜೋರಾಗಿ ಹೋಗುತ್ತಿದೆ ಅನ್ನಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಅದೇ ಗೆರೆ, ಅದೇ ತಿರುವು, ಗೋಡೆಯಿಂದ ಅದೇ ಅಂತರ. ನಿಮ್ಮ ಕಾರೂ 5 ನಿಮಿಷ ಹಾಗೆ ಓಡತೊಡಗಿದ ಮೇಲೆ ಹೊಸ ಮೋಟರಿನ ಮಾತು ಎತ್ತಬಹುದು. ಬಹಳಷ್ಟು ಮಂದಿಗೆ ಅಷ್ಟರಲ್ಲಿ ಅದು ಬೇಕೇ ಆಗುವುದಿಲ್ಲ.